ಹಿನ್ನೆಲೆಯಲ್ಲಿ ನೀರು

ಸಂಸ್ಕೃತಿ ಭವನದಲ್ಲಿ ಇವತ್ತು ನಮ್ಮ ಸಿನಿಮಾ.
ತಾಷ್ಕೆಂಟಿನಿಂದ ಬಂದ ಹುಡುಗ
ಗೀರುಗಳನ್ನೆಲ್ಲ ಅಳಿಸಿದ್ದೇವೆ, ಬಣ್ಣ ತೊಳೆದಿದ್ದೇವೆ,
ಹಳೆಯ ಪರದೆ ನುಂಗುತ್ತಿದ್ದ ಅಂಚುಗಳನ್ನೂ
ಬಿಚ್ಚಿ ತೋರಿಸುತ್ತೇವೆ ಎನ್ನುತ್ತಾನೆ.
ಮುಂದಿನ ಸಾಲಿನಲ್ಲಿ ಮುದುಕರು ನಾವು ಒಂಬತ್ತು ಮಂದಿ
ಚಪ್ಪಾಳೆ ತಟ್ಟುತ್ತೇವೆ.
ಕೈಯಲ್ಲಿ ಇನ್ನೂ ಅಷ್ಟು ಬಲವಿದೆ.

ಐವತ್ತೆಂಟು ವರ್ಷದ ಹಿಂದೆ ಮುಯ್ನಾಕಿಗೆ
ಹನ್ನೆರಡು ಲಾರಿ ತುಂಬ ಕತ್ತಿ, ಗಡ್ಡ, ಕಿರೀಟ ಬಂದಿಳಿದವು.
ಮೀನಿನ ಕಾರ್ಖಾನೆಗೆ ರಜೆ ಸಿಕ್ಕಿತು.
ದಿನಕ್ಕೆ ಮೂರು ರೂಬಲ್, ಸತ್ತರೆ ನಾಲ್ಕು.
ಸರ್ಸೆನ್‌ಬಾಯ್ ಬೆಳಿಗ್ಗೆ ಖಾನನ ಕಡೆ ಸತ್ತ,
ಊಟವಾದ ಮೇಲೆ ಟೋಪಿ ಬದಲಿಸಿ ಶತ್ರುವಿನ ಕಡೆಯೂ ಸತ್ತ,
ಎಂಟು ರೂಬಲ್ ಎಣಿಸಿಕೊಂಡು
ಸಂಜೆ ಎಲ್ಲರಿಗೂ ಬಿಯರ್ ಕೊಡಿಸಿದ.
ನನಗೆ ಸಾಯುವ ಯೋಗವಿರಲಿಲ್ಲ.
ಎತ್ತರದ ಆಳು ಎಂದು ಬೆಳ್ಳಿ ಕಾಗದ ಅಂಟಿಸಿದ ಹಲಗೆ ಕೈಗಿತ್ತರು:
ಬಿಸಿಲು ಹಿಡಿ, ರಾಣಿಯ ಮುಖಕ್ಕೆ ಎಸೆ,
ಅಲುಗಬೇಡ,
ಚಿತ್ರದೊಳಗೆ ಬರಬೇಡ.

ದೀಪ ಆರುತ್ತದೆ.
ಗುಡಾರ, ಕುದುರೆ, ನಗಾರಿ.
ಗಂಡನನ್ನು ಕೊಂದವನ ಎದುರು ದಡದಲ್ಲಿ ನಿಂತ ರಾಣಿ
ನಾಲ್ಕು ನಿಮಿಷ ತುಟಿ ಬಿಚ್ಚುವುದಿಲ್ಲ.
ಆ ಮೌನಕ್ಕೆ ಪದಕಗಳು ಬಂದವು.
ಒಂದು ಜನಾಂಗದ ನೋವೆಲ್ಲ ಅದರಲ್ಲಿದೆ ಎಂದು
ಪುಸ್ತಕ ಬರೆದವರಿದ್ದಾರೆ.
ಅವಳಿಗೆ ದವಡೆಹಲ್ಲು ಊದಿತ್ತು.
ಬೀಬಿಸಾರಾ ಕೊಟ್ಟ ಲವಂಗ ನಾಲಿಗೆಯಡಿ ಇತ್ತು.
ಬಾಯಿ ತೆರೆದರೆ ಅತ್ತುಬಿಡುತ್ತೇನೆ ಎಂದಳು,
ಹಾಗಾದರೆ ತೆರೆಯಲೇಬೇಡ ಎಂದ ನಿರ್ದೇಶಕ.
ಇಷ್ಟು ವರ್ಷ ಇದನ್ನು ನಗಿಸಲಿಕ್ಕೆ ಹೇಳುತ್ತಿದ್ದೆ.
ಇವತ್ತು ನೋಡಿದರೆ
ನೋವು ನೋವೇ. ಹಲ್ಲಿನದೋ ರಾಜ್ಯದ್ದೋ
ಮುಖಕ್ಕೆ ಗೊತ್ತಾಗುವುದಿಲ್ಲ.

ಆದರೆ ನಮ್ಮ ಸಾಲಿನಲ್ಲಿ ಯಾರೂ ರಾಣಿಯನ್ನು ನೋಡುತ್ತಿಲ್ಲ.
ಅವಳ ಭುಜದ ಮೇಲಿಂದ, ಕಿವಿಯೋಲೆಯ ಆಚೆ
ಅಗೋ, ಎಂದು ಬೀಬಿಸಾರಾ ಮೊಣಕೈಯಲ್ಲಿ ತಿವಿಯುತ್ತಾಳೆ,
ಅಗೋ ಅಲ್ಲಿ.
ಬಂದು, ಹಿಂದೆ ಸರಿದು, ಮರೆತದ್ದೇನೋ ನೆನಪಾಗಿ
ಮತ್ತೆ ಬಂದು, ಮನೆಗೆಲಸ ಮುಗಿಯದ ಹೆಂಗಸಿನ ಹಾಗೆ
ಅರಾಲ್.
ಎಷ್ಟೊಂದು! ಇಷ್ಟೊಂದು ನೀರನ್ನು ನಾವು
ಹಿನ್ನೆಲೆ ಎಂದು ಕರೆದಿದ್ದೆವು.

ಖಾನ ಏನೋ ಪ್ರತಿಜ್ಞೆ ಮಾಡುತ್ತಿದ್ದಾನೆ, ಮಾಡಲಿ.
ಬಾನಂಚಿನಲ್ಲಿ ಒಂದು ಚಿಟಿಕೆ ಹೊಗೆ:
ತಂಗಿರ್‌ಬೆರ್ಗೆನ್‌ನ ದೋಣಿ.
ಅದನ್ನು ಕಂಡು ನಿರ್ದೇಶಕ ಟೋಪಿ ನೆಲಕ್ಕೆ ಬಡಿದಿದ್ದ:
ಹದಿನೇಳನೆಯ ಶತಮಾನಕ್ಕೆ ಡೀಸೆಲ್ ಎಲ್ಲಿಂದ ಬಂತು!
ಹೊಗೆಯನ್ನೂ ಅಳಿಸಿದ್ದಾರೋ ಎಂದು ಹೆದರಿದ್ದೆ.
ಇಲ್ಲ. ಮೋಡವೆಂದುಕೊಂಡು ಬಿಟ್ಟಿರಬೇಕು.
ಆ ದೋಣಿ ಈಗ ಊರಾಚೆ ಮರಳಿನಲ್ಲಿದೆ,
ಅದರ ಹೊಟ್ಟೆಯ ನೆರಳಿಗೆ ಹಸುಗಳು ಮಲಗುತ್ತವೆ.
ದೂರ ಸರಿವ ನೀರಿನ ಹಿಂದೆ
ಕಾಲುವೆ ತೋಡುತ್ತ ತೋಡುತ್ತ ಹೋದ ತಂಗಿರ್‌ಬೆರ್ಗೆನ್
ಒಂದು ಮಧ್ಯಾಹ್ನ ಸಲಿಕೆ ಊರಿ ಕೂತವನು
ಮತ್ತೆ ಏಳಲಿಲ್ಲ. ಅವನಿಗೆ ನಾಲ್ಕು ರೂಬಲ್ ಯಾರೂ ಕೊಡಲಿಲ್ಲ.

ಮೊಮ್ಮಗಳು ಆಯ್ಸಾನೆಂ ಕಿವಿಗೆ ಬಾಯಿಟ್ಟು ಕೇಳುತ್ತಾಳೆ:
ತಾತಾ, ಆ ನೀರು ಕಂಪ್ಯೂಟರಿನಲ್ಲಿ ಮಾಡಿದ್ದಾ?
ಖಾನನನ್ನು ಅವಳು ನಂಬಿದ್ದಾಳೆ.
ಅಂಟಿಸಿದ ಗಡ್ಡ, ರಟ್ಟಿನ ಕಿರೀಟ, ಎರಡು ಸಲ ಸತ್ತ ಸರ್ಸೆನ್‌ಬಾಯ್
ಎಲ್ಲವೂ ಅವಳಿಗೆ ನಿಜ.
ನಾಲಿಗೆಯಡಿ ಲವಂಗವಿದ್ದವನ ಹಾಗೆ
ಸುಮ್ಮನಿದ್ದೆ.

ಆಗ ಕಂಡಿತು, ಬಲಗಡೆ,
ಹಳೆಯ ಪರದೆ ನುಂಗಿದ್ದ ಅಂಚಿನಲ್ಲಿ
ಬೆಳ್ಳಿ ಹಲಗೆಯ ಒಂದು ಮೂಲೆ,
ಅದನ್ನು ಹಿಡಿದ ನಾಲ್ಕು ಬೆರಳು.
ರಾಣಿಯ ಕೆನ್ನೆಯ ಮೇಲಿನ ಬೆಳಕು ಒಮ್ಮೆ
ನಡುಗಿತು.

ನೋಡು ಆಯ್ಸಾನೆಂ, ಅದು ನನ್ನ ಕೈ.
ಅಲುಗಬೇಡ ಎಂದಿದ್ದರು, ಅಲುಗಿದ್ದೆ.
ಹೇಳದೆ ಕೇಳದೆ ಒಂದು ಅಲೆ ಬಂದು
ಮೊಣಕಾಲಿಗೆ ಬಡಿದಿತ್ತು.
ಬೈಸಿಕೊಂಡೆ.
ಪ್ಯಾಂಟು ಸಂಜೆಯವರೆಗೂ ಒಣಗಿರಲಿಲ್ಲ.